ಅಡಿ ಚಲೋ

ಗೋದಾಮಿನ ಗೋಡೆ ಹಸಿರಾಗಿತ್ತು ಎಂದು ಬರೆದು ಹೆಂಡತಿಗೆ ಓದಲು ಕೊಟ್ಟರೆ ಅವಳು ನಕ್ಕಳು. ಗೋಡೆಗೆ ಬರೀ ಸುಣ್ಣವಿತ್ತಂತೆ. ಹಸಿರಾಗಿದ್ದದ್ದು ಗೋಡೆಗುಂಟ ಪೇರಿಸಿಟ್ಟ ಟವೆಲ್ ಗಂಟುಗಳಂತೆ. ಮಕ್ಕಳು ಏಳು ಎಂದು ನಾನು, ಎಂಟು ಎಂದು ಅವಳು. ನಮ್ಮ ಮಗನನ್ನು ಎಣಿಸಲು ಮರೆತಿದ್ದೀರಿ ಎಂದು ಅವಳ ವಿವರಣೆ, ಅದೂ ಇರಬಹುದು. ಮೊದಲ ಸಾಲಿನಲ್ಲೇ ಹೀಗೆ ಎಡವುವವನು ನೆನಪುಗಳನ್ನು ಬರೆಯಬಾರದು. ಆದರೆ ಆ ಗೋದಾಮಿನ ವಾಸನೆಯ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ. ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ, ಅದರ ಮೇಲೆ ಮಶೀನಿನ ಎಣ್ಣೆ, ಅದರ ಮೇಲೆ ಮಕ್ಕಳು ಡಬ್ಬಿ ತೆರೆದಾಗ ಬರುತ್ತಿದ್ದ ಶೇಂಗಾ ಚಟ್ನಿಯ ಘಾಟು. ಈಗಲೂ ಸೊಲ್ಲಾಪುರದಲ್ಲಿ ಪವರ್‌ಲೂಮ್ ಇರುವ ಯಾವುದಾದರೂ ಗಲ್ಲಿಯಲ್ಲಿ ಸ್ಕೂಟರ್ ನಿಧಾನ ಮಾಡಿದರೆ ಆ ಶನಿವಾರಗಳು ಮೂಗಿಗೆ ಬಡಿಯುತ್ತವೆ.

ಲಾಕ್‌ಡೌನ್ ಮುಗಿದು ಶಾಲೆಗಳು ತೆರೆದಾಗ ನಾವು ಐದು ಮನೆಯವರು ಮಕ್ಕಳನ್ನು ವಾಪಸ್ಸು ಕಳಿಸಲಿಲ್ಲ. ಇದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರಣ. ನಮ್ಮ ಮಗ ಆ ಎರಡು ವರ್ಷಗಳಲ್ಲಿ ಮನೆಯ ಮಿಕ್ಸರು, ಫ್ಯಾನು, ಗೋಡೆ ಗಡಿಯಾರ ಎಲ್ಲವನ್ನೂ ಬಿಚ್ಚಿದ್ದ, ಅರ್ಧದಷ್ಟನ್ನು ಮತ್ತೆ ಜೋಡಿಸಿದ್ದ. ಮೊದಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನನ್ನ ಹೆಂಡತಿ, ಇವನು ಹೀಗೇ ಕಲಿಯಲಿ ಎಂದಳು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮೂರು ಕೆಲಸ ಬಿಟ್ಟು, ಆಗ ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಪೈಪ್ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ದುಡಿಯುತ್ತಿದ್ದೆ. ಮಕ್ಕಳ ಗುಂಪು ಕಟ್ಟಿ ಶನಿವಾರಕ್ಕೊಮ್ಮೆ ಏನಾದರೂ ಕೈಯಿಂದ ಮಾಡಿಸೋಣ ಎಂಬ ಹುಕಿ ನನ್ನದು. ಅದನ್ನು ನಡೆಸಿದವಳು ಮಾತ್ರ ಅವಳು.

ಜಾಗ ಕೊಟ್ಟವರು ಒಬ್ಬ ಟವೆಲ್ ವ್ಯಾಪಾರಿ. ಊರು ಅಕ್ಕಲಕೋಟ ತಾಲ್ಲೂಕಿನ ಕರಜಗಿ; ಅಲ್ಲಿ ಅವರ ತಂದೆ ಹೊಲ ನೋಡಿಕೊಂಡಿದ್ದರು, ಇವರು ಸೊಲ್ಲಾಪುರದಲ್ಲಿ ವ್ಯಾಪಾರ ಹಿಡಿದಿದ್ದರು. ಗೋದಾಮಿನ ಹಿಂದಿನ ಅರ್ಧವನ್ನು ಶನಿವಾರ ನಮಗೆ ಬಿಟ್ಟರು. ಬಿಡಲು ಕಾರಣ ಅವರ ಮಗಳು. ಹನ್ನೊಂದು ವರ್ಷದ ಹುಡುಗಿ. ಶಾಲೆಯಲ್ಲಿ ಒಂದು ದಿನ ಮರಾಠಿಯಲ್ಲಿ ಉತ್ತರ ಹೇಳುತ್ತಾ ನಡುವೆ ಒಂದು ಕನ್ನಡ ಶಬ್ದ ಹಾಕಿಬಿಟ್ಟಳಂತೆ. ಇಡೀ ವರ್ಗ ನಕ್ಕಿತು. ಸೊಲ್ಲಾಪುರದಲ್ಲಿ ಇದು ದೊಡ್ಡ ಸಂಗತಿಯಲ್ಲ, ಇಲ್ಲಿ ಎಲ್ಲರೂ ಎರಡು ಮೂರು ಭಾಷೆ ಕಲಸಿಯೇ ಮಾತಾಡುವುದು. ಆದರೆ ಅವಳಿಗೆ ಅದು ಎಲ್ಲೋ ನಾಟಿತು. ಮರುದಿನದಿಂದ ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಆಮೇಲೆ ಮನೆಯಲ್ಲೂ ಮಾತು ಕಡಿಮೆಯಾಯಿತು. ವೈದ್ಯರಿಗೆ ತೋರಿಸಿದರು, ಗಂಟಲಿಗೆ ಏನೂ ಆಗಿಲ್ಲ ಎಂದರು. ಹಾಗೆ ಅವಳು ಶಾಲೆ ಬಿಟ್ಟು ನಮ್ಮ ಗುಂಪಿಗೆ ಬಂದಳು.

ಮೊದಲ ಶನಿವಾರಗಳಲ್ಲಿ ನಾವು ಸಿಕ್ಕಿದ್ದರಿಂದಲೇ ಏನಾದರೂ ಕಟ್ಟುತ್ತಿದ್ದೆವು. ನೂಲು ಸುತ್ತಿ ಬರುವ ಕಾಗದದ ಶಂಕುಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಅವುಗಳಿಂದ ಕಹಳೆಯಂಥ ಫೋನು ಮಾಡಿದೆವು. ಬಟ್ಟೆ ಸುತ್ತುವ ರಟ್ಟಿನ ಕೊಳವೆಗೆ ಕನ್ನಡಿ ಚೂರು ಕೂರಿಸಿ ಗಂಟುಗಳ ಆಚೆ ಇಣುಕಿದೆವು. ನಾನು ಕಾರ್ಖಾನೆಯಿಂದ ಪೈಪಿನ ತುಂಡು ತರುತ್ತಿದ್ದೆ, ಒಬ್ಬ ಹುಡುಗನ ತಾಯಿ ಬೀಡಿ ಕಟ್ಟುವ ದಾರ ಕೊಡುತ್ತಿದ್ದಳು. ಆ ದಾರ ಎಷ್ಟು ಗಟ್ಟಿ ಎಂದರೆ ಸೇತುವೆಯ ಮಾದರಿಗೆ ತಂತಿಯೇ ಬೇಕಾಗಲಿಲ್ಲ.

ಒಂದು ಮಧ್ಯಾಹ್ನ ಶಟರ್ ಪೂರ್ತಿ ಇಳಿಸಿದ್ದೆವು. ಶಟರಿನಲ್ಲಿ ಕಡಲೆಕಾಳಿನಷ್ಟು ತೂತಿತ್ತು. ಅದರ ಮುಂದೆ ಬಿಳಿ ಟವೆಲ್ ಹಿಡಿದು ನಿಲ್ಲಿ ಎಂದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಟವೆಲ್ಲಿನ ಮೇಲೆ ಹೊರಗಿನ ರಸ್ತೆ ತಲೆಕೆಳಗಾಗಿ ಮೂಡಿತು. ಆಕಾಶ ಕೆಳಗೆ, ಚಹದ ಗಾಡಿ ಮೇಲೆ. ಮಕ್ಕಳು ಉಸಿರು ಬಿಗಿ ಹಿಡಿದು ನೋಡುತ್ತಿದ್ದಾಗ ಒಂದು ಹೊಸ ದನಿ ಮೆಲ್ಲಗೆ, "ರಿಕ್ಷಾ ಉಲ್ಟಾ ಹೊಂಟದ" ಎಂದಿತು. ಯಾರು ಎಂದು ಎಲ್ಲರೂ ತಿರುಗಿದರು. ಕತ್ತಲಲ್ಲವೇ, ಯಾರು ಮಾತಾಡಿದ್ದೆಂದು ಕಾಣುವುದಿಲ್ಲ. ಪ್ರಾಯಶಃ ಅದಕ್ಕೇ ವ್ಯಾಪಾರಿಯ ಮಗಳಿಗೆ ಮಾತು ಬಂತು. ನನ್ನ ಹೆಂಡತಿ ಯಾವ ಗದ್ದಲವನ್ನೂ ಮಾಡದೆ, ಯಾವ ಕಡೆ ಹೊಂಟದ ಹೇಳು, ಎಂದು ಕೇಳಿದಳು. ಸ್ಟೇಶನ್ ಕಡೆ, ಎಂದು ಉತ್ತರ ಬಂತು. ಅಂದಿನಿಂದ ಅವಳು ನಮ್ಮಲ್ಲಿ ಮಾತಾಡತೊಡಗಿದಳು. ಮೊದಲು ಒಂದೊಂದು ಶಬ್ದ, ಆಮೇಲೆ ನಾವೇ ಸಾಕು ಎನ್ನುವಷ್ಟು.

ಅವಳ ತಂದೆಗೆ ಇದು ಸಂತೋಷದ ಸಂಗತಿಯೇ. ಆದರೆ ಮನೆಯಲ್ಲಿ, ಪೇಟೆಯಲ್ಲಿ, ಮದುವೆ ಮುಂಜಿಗಳಲ್ಲಿ ಜನ ಅವರನ್ನು ಒಂದೇ ಮಾತು ಕೇಳುತ್ತಿದ್ದರು, ಮಗಳನ್ನು ಸಾಲಿ ಬಿಡಿಸಿ ಗೋದಾಮಿನ ಮೂಲೆಯಲ್ಲಿ ಆಟಕ್ಕೆ ಕೂರಿಸಿದಿರೇನು ಎಂದು. ದೂರದ ಊರಿನ ಒಂದು ವಸತಿಶಾಲೆಯ ಅರ್ಜಿಯನ್ನು ಅವರು ತುಂಬಿಟ್ಟಿದ್ದರು. ಸಂಕ್ರಾಂತಿಯ ಹೊತ್ತಿಗೆ ಹೌದು ಅಲ್ಲ ತಿಳಿಸಬೇಕಿತ್ತು. ಒಂದು ದಿನ ನನ್ನನ್ನು ಗಂಟುಗಳ ಹಿಂದೆ ಕರೆದು ಒಂದು ಷರತ್ತು ಹೇಳಿದರು. ನಾವು ಕಟ್ಟುವ ಒಂದಾದರೂ ವಸ್ತು ಗೋದಾಮಿನ ಹೊರಗೆ, ಕರಜಗಿಯಲ್ಲಿ ಅವರ ತಂದೆಯ ಹೊಲದಲ್ಲಿ ಕೆಲಸಕ್ಕೆ ಬರಬೇಕು. ಬಂದರೆ ಹುಡುಗಿ ಇಲ್ಲೇ. ಇಲ್ಲದಿದ್ದರೆ ಜೂನ್‌ನಲ್ಲಿ ಹಾಸ್ಟೆಲ್. ಹುಡುಗಿ ಅಲ್ಲೇ ಪಕ್ಕದಲ್ಲಿ ಒಂದು ರಟ್ಟಿನ ಕೊಳವೆಯ ಸುತ್ತಳತೆ ತೆಗೆಯುವ ನೆಪದಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು.

ಏನು ಕಟ್ಟಬೇಕೆಂದು ಹೇಳಿದವಳೂ ಅವಳೇ. ಚಳಿಗಾಲದಲ್ಲಿ ನಮ್ಮ ಕಡೆ ಜೋಳ ಹಾಲುಗಟ್ಟುವಾಗ ಭೋರಡಿ ಎಂಬ ಹಕ್ಕಿಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಸಾವಿರ ಹಕ್ಕಿ ಒಂದೇ ಬಟ್ಟೆಯಂತೆ ಆಕಾಶದಲ್ಲಿ ಮಡಚಿ ಬಿಚ್ಚಿ ತೆನೆಗಳ ಮೇಲೆ ಬೀಳುತ್ತವೆ. ಅವಳ ಮುತ್ಯಾ, ಅಂದರೆ ಅಜ್ಜ, ನಸುಕಿನಿಂದ ಹೊಲದ ಕಾವಲು ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದರು. ಗಾಳಿಗೆ ತಾನೇ ತಿರುಗಿ ತಾನೇ ಸದ್ದು ಮಾಡುವ ಒಂದು ಗಿರಕಿ ಮಾಡೋಣ ಎಂದಳು. ನಾವು ಹಳೆಯ ಸೈಕಲ್ಲಿನ ಮುಂದಿನ ಗಾಲಿಯ ಗುಂಬ, ಅಂದರೆ ನಡುವಿನ ಹಬ್, ತಂದೆವು. ಅದಕ್ಕೆ ತಗಡು ಮತ್ತು ಬಿದಿರಿನ ನಾಲ್ಕು ರೆಕ್ಕೆ ಕೂರಿಸಬೇಕು. ಗುಂಬ ತಿರುಗಿದಾಗ ಒಂದು ಕಬ್ಬಿಣದ ಸುತ್ತಿಗೆ ಎದ್ದು ಬಿದ್ದು ಸ್ಟೀಲ್ ತಾಟಿಗೆ ಬಡಿಯಬೇಕು. ಮೂರು ಶನಿವಾರ ಇದೇ ಕೆಲಸ. ತಾಟು ಯಾರದು, ಯಾರ ತಾಯಿ ಬೈದಳು, ಇದೆಲ್ಲ ನೆನಪಿದೆ. ಆ ಮೂರು ಶನಿವಾರಗಳಷ್ಟು ಖುಷಿಯಾಗಿ ನಾನು ಯಾವ ಪ್ರಯೋಗಶಾಲೆಯಲ್ಲೂ ಇದ್ದಿಲ್ಲ.

ನಾಲ್ಕನೆಯ ಶನಿವಾರ ರೆಕ್ಕೆ ಕತ್ತರಿಸಬೇಕಿತ್ತು. ಮರುದಿನ ಭಾನುವಾರ ಕರಜಗಿಗೆ ಹೋಗುವುದೆಂದು ಗೊತ್ತಾಗಿತ್ತು. ನನಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಮಧ್ಯಾಹ್ನ ನಾನು ಪೈಪು ಎಳೆದು ಮುರಿಯುವ ಯಂತ್ರದ ಪಕ್ಕ ನಿಂತಿದ್ದಾಗ ಹೆಂಡತಿಯ ಫೋನಿನಿಂದ ಕರೆ ಬಂತು. ಮಾತಾಡಿದವಳು ಹುಡುಗಿ. ರೆಕ್ಕೆ ಎಷ್ಟು ಉದ್ದ ಇರಬೇಕು ಎಂದು ಕೇಳಿದಳು. ಒಂದು ಫೂಟ್ ಎಂದು ನಾನು ಹೇಳಿದೆ. ಇದು ನನ್ನ ನೆನಪು. ಯಂತ್ರದ ಗುಡುಗು, ಬಲಗಿವಿಗೆ ಒತ್ತಿದ ಫೋನು, ಎಡಗಿವಿಗೆ ಒತ್ತಿದ ಬೆರಳು, ನನ್ನ ಬಾಯಿಂದ ಹೊರಟ ಫೂಟ್ ಎಂಬ ಶಬ್ದ, ಎಲ್ಲವೂ ಸ್ವಚ್ಛವಾಗಿ ಇವೆ.

ಸಂಜೆ ಆರರ ಸುಮಾರಿಗೆ ಗೋದಾಮಿಗೆ ಬಂದೆ. ಹೆಂಡತಿ ಮಗನನ್ನು ಕರೆದುಕೊಂಡು ಆಗಲೇ ಮನೆಗೆ ಹೋಗಿದ್ದಳು. ಹುಡುಗಿ ಮತ್ತು ಇನ್ನಿಬ್ಬರು ಮಕ್ಕಳು ಕೆಲಸ ಮುಗಿಸಿ ನನಗಾಗಿ ಕಾದಿದ್ದರು. ನೆಲದ ಮೇಲೆ ನಾಲ್ಕು ರೆಕ್ಕೆ. ಒಂದೊಂದೂ ಎರಡೂವರೆ ಫೂಟ್. ನಮ್ಮ ಕಬ್ಬಿಣದ ಸ್ಟ್ಯಾಂಡ್ ಎರಡೇ ಫೂಟ್ ಎತ್ತರದ್ದು. ಈ ರೆಕ್ಕೆ ಹಾಕಿದರೆ ತಿರುಗುವಾಗ ಕೆಳಗೆ ಬಡಿಯುತ್ತವೆ. ಮತ್ತೆ ಕತ್ತರಿಸಿದರೆ ಹೋಯಿತು ಎಂದು ಈಗ ಅನ್ನಿಸುತ್ತದೆ. ಆದರೆ ತಗಡನ್ನು ತುದಿಯಲ್ಲಿ ಅಗಲ, ಬುಡದಲ್ಲಿ ಸಣ್ಣ ಮಾಡಿ ಮಡಚಿ, ಬಿದಿರಿಗೆ ಹೊಲಿದು ಮುಗಿಸಿದ್ದರು. ಅದೂ ಎಷ್ಟು ಚಂದಾಗಿ. ಹೊಸ ತಗಡು ಉಳಿದಿರಲಿಲ್ಲ, ಅಂಗಡಿ ಹುಡುಕುವ ಸಮಯವೂ ಇರಲಿಲ್ಲ. ದಿನವಿಡೀ ಕಾರ್ಖಾನೆಯಲ್ಲಿ ನಿಂತು ಬಂದವನು ನಾನು. ಯಾರು ಅಳತೆ ಬರೆದುಕೊಂಡದ್ದು ಎಂದು ಕೇಳಿದೆ. ಅವಳು ಕೈ ಎತ್ತಿದಳು.

"ಕಿವಿ ಎಲ್ಲಿ ಇಟ್ಟಿದ್ದಿ?" ಎಂದೆ. "ಒಂದು ಫೂಟ್ ಅಂದ್ರ ಒಂದು ಫೂಟ್. ಅಷ್ಟೂ ತಿಳಿಯೂದಿಲ್ಲ?"

ಜೊತೆಗಿದ್ದ ಹುಡುಗರಲ್ಲಿ ಒಬ್ಬ ನಕ್ಕ. ಹೆದರಿ ನಕ್ಕಿರಬೇಕು. ಹುಡುಗಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಆಗ ಗಂಟುಗಳ ಆಚೆಯಿಂದ ಅವಳ ತಂದೆ ಬಂದರು. ಅವರು ನನ್ನ ಮೇಲೆ ರೇಗಲಿಲ್ಲ. ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಸಾಲ್ಯಾಗೂ ಇದಽ ಆಗಿತ್ತಲ್ರಿ, ಸರ್" ಎಂದರು.

ಭಾನುವಾರ ಬೆಳಿಗ್ಗೆ ಟವೆಲ್ ಸಾಗಿಸುವ ಟೆಂಪೋದಲ್ಲಿ ಗಿರಕಿಯನ್ನು ಹೇರಿಕೊಂಡು ಹೊರಟೆವು. ಮುಂದೆ ಅವಳ ತಂದೆ ಮತ್ತು ನಾನು, ನಡುವೆ ಹುಡುಗಿ. ಉಳಿದ ಮಕ್ಕಳು ನನ್ನ ಹೆಂಡತಿಯ ಜೊತೆ ಎಸ್‌ಟಿ ಬಸ್ಸಿನಲ್ಲಿ. ಅಕ್ಕಲಕೋಟದಲ್ಲಿ ಚಹಕ್ಕೆ ನಿಲ್ಲಿಸಿದಾಗ ಅವರು ಅವಳಿಗೆ ಬಿಸ್ಕಿಟ್ ಬೇಕೇನು ಎಂದು ಎರಡು ಸಲ ಕೇಳಿದರು. ಅವಳು ತಲೆಯಾಡಿಸಿದಳು, ಅಷ್ಟೇ. ತುಂಬಿಟ್ಟಿದ್ದ ಹಾಸ್ಟೆಲ್ ಅರ್ಜಿಗೆ ಅವರು ಮನಸ್ಸಿನಲ್ಲೇ ಹೌದು ಎನ್ನುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ನಾನು ಹೊರಗೆ ನೋಡುತ್ತಾ ಕೂತೆ. ತಪ್ಪು ಅವಳದೇ ಎಂದು ಆಗಲೂ ನಂಬಿದ್ದೆ. ದನಿ ಏರಿಸಬಾರದಿತ್ತು ಎಂಬುದಷ್ಟೇ ನನ್ನ ಪಶ್ಚಾತ್ತಾಪ, ಅದನ್ನೂ ರಾತ್ರಿ ಹೆಂಡತಿಗೆ ಹೇಳಿರಲಿಲ್ಲ.

ಕರಜಗಿಯ ಹೊಲದಲ್ಲಿ ಜೋಳ ನನ್ನ ಎದೆ ಮೀರಿ ನಿಂತಿತ್ತು. ಮುತ್ಯಾ ಅಟ್ಟದಿಂದ ಇಳಿದು ಬಂದು ನಮ್ಮ ಯಂತ್ರವನ್ನು ಸುತ್ತಿ ನೋಡಿದರು. ಹಕ್ಕಿಗಳಿಗೆ ನಿಮ್ಮ ಸೈನ್ಸ್ ಓದಲಿಕ್ಕೆ ಬರುತ್ತದೇನು ಎಂದು ನನ್ನನ್ನು ಕೆಣಕಿದರು. ಮೊಮ್ಮಗಳ ತಲೆ ಸವರಿ ಏನೋ ಕೇಳಿದರು, ಅವಳು ಅವರಿಗೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಬಸ್ಸಿನಿಂದ ಇಳಿದ ಮಕ್ಕಳ ದಂಡು ಬದುವಿನ ಮೇಲೆ ಓಡಿಬಂತು. ಸ್ಟ್ಯಾಂಡನ್ನು ಅಟ್ಟದ ಹಲಗೆಯ ಮೇಲೆ ಇಟ್ಟು ರೆಕ್ಕೆ ಸಿಕ್ಕಿಸಿದೆವು. ತುಸು ತಿರುಗಿತು, ಹಲಗೆಗೆ ಬಡಿದು ನಿಂತಿತು. ಇನ್ನೊಮ್ಮೆ ಮಾಡಿದೆವು, ಮತ್ತೆ ಅದೇ. ಅವಳ ತಂದೆ ಕೈಕಟ್ಟಿ ನಿಂತಿದ್ದರು.

ಹೆಂಡತಿ ನನ್ನನ್ನು ಬದುವಿನ ಕಡೆ ಕರೆದಳು. ಹುಡುಗಿಗೆ ಏನಾಗಿದೆ ಎಂದು ಕೇಳಿದಳು. ಫೂಟ್ ಎಂದು ಹೇಳಿದರೂ ಅಳತೆ ತಪ್ಪಿದ್ದಕ್ಕೆ ನಿನ್ನೆ ಬೈದೆ ಎಂದೆ. ಅವಳು ನನ್ನನ್ನೇ ನೋಡಿದಳು.

"ನೀವು ಎಲ್ಲಿ ಫೂಟ್ ಅಂದ್ರಿ? ಫೋನ್ ಸ್ಪೀಕರ್ ಮ್ಯಾಲೆ ಇತ್ತು. ಅಡಿ ಚಲೋ ಅಂದ್ರಿ ನೀವು. ಆಕಿ ಅಡೀಚ್ ಏನ್ರಿ ಕಾಕಾ ಅಂತ ತಿರುಗಿ ಕೇಳಿದ್ಲು. ಹೂಂ ಅಂದ್ರಿ."

ನಮ್ಮ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸೊಲ್ಲಾಪುರದ ಕನ್ನಡದಲ್ಲಿ ಉದ್ದ ಅಳೆಯುವುದು ಫೂಟಿನಲ್ಲಿ. ಅಡಿ ಎಂಬ ಅಳತೆ ಪುಸ್ತಕದ್ದು. ನಾನು ಅದನ್ನು ಕರ್ನಾಟಕದಲ್ಲಿ ಓದುವಾಗ ಕಲಿತು, ಊರಿಗೆ ಬಂದ ಮೇಲೂ ಶುದ್ಧ ಕನ್ನಡದ ಹೆಮ್ಮೆಗೆ ಬಳಸುತ್ತಿದ್ದೆ. ಅಡೀಚ್ ಎಂದರೆ ಮರಾಠಿಯಲ್ಲಿ ಎರಡೂವರೆ. ಇಲ್ಲಿ ಕನ್ನಡ ಮಾತಾಡುವ ಮನೆಗಳಲ್ಲೂ ಅರ್ಧ ಸೇರಿದ ಲೆಕ್ಕವೆಲ್ಲ ಮರಾಠಿಯಲ್ಲೇ. ಎರಡೂವರೆ ಕಿಲೋ ಅನ್ನುವುದಿಲ್ಲ, ಅಡೀಚ್ ಕಿಲೋ ಅನ್ನುತ್ತಾರೆ. ಯಂತ್ರದ ಗುಡುಗಿನ ನಡುವೆ ಒಬ್ಬ ಮನುಷ್ಯ, ಒಂದು ಅಡಿ ಇದ್ದರೆ ಒಳ್ಳೆಯದು ಎಂಬ ಅರ್ಥದಲ್ಲಿ, ಅಡಿ ಚಲೋ ಎಂದರೆ, ಕೇಳುವವಳು ಅಡಿ ಎಂಬ ಅಳತೆಯನ್ನು ಹುಟ್ಟಿದಾಗಿನಿಂದ ಕೇಳಿರದಿದ್ದರೆ, ಕಿವಿಗೆ ಬೀಳುವುದು ಅಡೀಚ್. ಅನುಮಾನ ಬಂದು ಅವಳು ತಿರುಗಿ ಕೇಳಿದ್ದಳು. ಮಾಡಬೇಕಾದದ್ದನ್ನು ಸರಿಯಾಗಿ ಮಾಡಿದ್ದಳು. ಹೂಂ ಅಂದವನು ನಾನು.

ಆದರೆ ನನಗೆ ಆ ಹೂಂ ನೆನಪಿಲ್ಲ. ಇವತ್ತಿಗೂ ಇಲ್ಲ. ಇದನ್ನು ಬರೆಯುವಾಗಲೂ ಕಣ್ಣು ಮುಚ್ಚಿದರೆ ನಾನು ಫೂಟ್ ಅನ್ನುವುದೇ ಕೇಳಿಸುತ್ತದೆ. ಒಂದು ಕಡೆ ನನ್ನ ಕಿವಿಯೊಳಗಿನ ಸ್ವಚ್ಛ ದನಿ. ಇನ್ನೊಂದು ಕಡೆ ಹೆಂಡತಿಯ ಮಾತು ಮತ್ತು ಎರಡೂವರೆ ಫೂಟಿನ ನಾಲ್ಕು ರೆಕ್ಕೆ. ಒಂದು ಫೂಟ್ ಎಂದು ಕೇಳಿಸಿಕೊಂಡ ಯಾವ ಹುಡುಗಿಯೂ ಅಷ್ಟು ಎಚ್ಚರದಿಂದ ಎರಡೂವರೆ ಕತ್ತರಿಸುವುದಿಲ್ಲ. ಲೆಕ್ಕ ನನ್ನ ವಿರುದ್ಧ ಇತ್ತು. ಸಾಕ್ಷಿ ಇದ್ದ ಕಡೆ ಹೋಗಬೇಕು ಎಂದು ಮಕ್ಕಳಿಗೆ ಹೇಳುವುದು ಸುಲಭ. ಮಾಡಿಲ್ಲ ಎಂದೇ ನೆನಪು ಹೇಳುವ ಒಂದು ತಪ್ಪನ್ನು ಮಾಡಿದ್ದೇನೆ ಎಂದು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅಂದು ತಿಳಿಯಿತು.

ಅಟ್ಟದ ಕೆಳಗೆ ಹೋಗಿ ಎಲ್ಲರ ಮುಂದೆ ಹುಡುಗಿಗೆ ಹೇಳಿದೆ. "ಅಡಿ ಅಂದಾಂವ ನಾನು. ನೀ ತಿರುಗಿ ಕೇಳ್ದಿ, ನಾ ಹೂಂ ಅಂದೆ. ತಪ್ಪು ನಂದು, ನಿಂದಲ್ಲ. ಬೈದದ್ದೂ ತಪ್ಪು."

ಅವಳು ನನ್ನನ್ನು ನಂಬಲೋ ಬೇಡವೋ ಎಂಬಂತೆ ನೋಡಿದಳು. ಅವಳ ತಂದೆ ಕಟ್ಟಿದ ಕೈ ಬಿಚ್ಚಿದರು. ಆಗ ಮಾತಾಡಿದವರು ಮುತ್ಯಾ.

"ಅಡಿ ಅಂದ್ರ ಏನ್ರಿ ಸರ? ನನಗ ಅನ್ನ ಹೊತ್ತಿ ಗಡಿಗಿ ಅಡಿ ಹತ್ತೂದು ಗೊತ್ತದ. ತಗಡಿಗೂ ಅಡಿ ಹತ್ತತದೇನು?"

ಮಕ್ಕಳೆಲ್ಲ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಈ ಸಲ ನಗೆ ಬಿದ್ದದ್ದು ನನ್ನ ಮೇಲೆ, ನನ್ನ ಕನ್ನಡದ ಮೇಲೆ. ಹುಡುಗಿ ನಗಲಿಲ್ಲ. ನನ್ನ ಮುಖವನ್ನೇ ಗಮನಿಸುತ್ತಿದ್ದಳು, ನಗೆಗೆ ಸಿಕ್ಕ ಮನುಷ್ಯ ಏನು ಮಾಡುತ್ತಾನೆ ಎಂದು ನೋಡುವವಳಂತೆ. ನಾನೂ ನಕ್ಕುಬಿಟ್ಟೆ, ಬೇರೆ ದಾರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಅಟ್ಟದ ಏಣಿ ಹತ್ತಿ, ಮೂಲೆಯಲ್ಲಿ ಎತ್ತರಕ್ಕೆ ನಿಂತಿದ್ದ ಬಿದಿರ ಗಳವನ್ನು ಕೈಯಿಂದ ಅಲ್ಲಾಡಿಸಿ ನೋಡಿದಳು.

"ಮುತ್ಯಾ, ಸ್ಟ್ಯಾಂಡ್ ಬ್ಯಾಡ. ಈ ಗಳಕ್ಕ ಕಟ್ಟೋಣು. ಮ್ಯಾಲೆ ಜಾಗಾ ಮೋಕಳಾ ಅದ, ಎಲ್ಲೂ ಬಡಿಯೂದಿಲ್ಲ. ಮತ್ತ ರೆಕ್ಕಿ ಕಡಿಯಾಕ ಹೋಗಬ್ಯಾಡ್ರಿ. ಸಣ್ಣ ಮಾಡಿದ್ರ ಇಷ್ಟ ಗಾಳಿಗೆ ಸುತಗಿ ಏಳೂದಽ ಇಲ್ಲ."

ಅವಳು ಹೇಳಿದ್ದು ಸರಿ. ಹಕ್ಕಿಗಳು ಇಳಿಯುವ ಬೆಳಗಿನ ಹೊತ್ತು ಗಾಳಿ ಮಂದ. ಒಂದು ಫೂಟಿನ ರೆಕ್ಕೆಗೆ ಅಷ್ಟು ಗಾಳಿಯಲ್ಲಿ ಕಬ್ಬಿಣದ ಸುತ್ತಿಗೆ ಎತ್ತುವ ಶಕ್ತಿ ಬರುವುದಿಲ್ಲ. ಇದನ್ನು ನಾನು ಕಾಗದದ ಮೇಲೆ ಎರಡು ಸಾಲಿನಲ್ಲಿ ಲೆಕ್ಕ ಹಾಕಬಹುದಿತ್ತು, ಹಾಕಿರಲಿಲ್ಲ. ಗೋದಾಮಿನ ಟೇಬಲ್ ಫ್ಯಾನಿನ ಮುಂದೆ ರಟ್ಟಿನ ರೆಕ್ಕೆ ಹಿಡಿದು ನೋಡಿ ಅಂದಾಜು ಮಾಡಿದ್ದೆ. ಮುತ್ಯಾ ಹಗ್ಗ ತಂದರು. ಗಳಕ್ಕೆ ಗುಂಬ ಬಿಗಿದದ್ದು ಅವರು. ಗಂಟು ಎಲ್ಲಿ ಹಾಕಬೇಕೆಂದು ಅಜ್ಜ ಮೊಮ್ಮಗಳು ವಾದ ಮಾಡಿದ್ದು ಒಂದು ಗಳಿಗೆ ಇರಬೇಕು. ಕೊನೆಗೆ ರೆಕ್ಕೆ ಬಿಟ್ಟಾಗ ಗಿರಕಿ ಅವಸರವಿಲ್ಲದೆ ತಿರುಗಿತು. ಸುತ್ತಿಗೆ ಎದ್ದಿತು, ಬಿತ್ತು. ತಾಟಿನ ಸದ್ದಿಗೆ ಪಕ್ಕದ ಹೊಲದಿಂದಲೂ ಹಕ್ಕಿ ಎದ್ದವು.

ಆ ಗಿರಕಿ ಭೋರಡಿಗಳನ್ನು ಓಡಿಸಿದ್ದು ನಾಲ್ಕೈದು ದಿನ ಮಾತ್ರ. ಆಮೇಲೆ ಅವು ಸದ್ದಿಗೆ ಒಗ್ಗಿಕೊಂಡವು, ಮುತ್ಯಾ ಮತ್ತೆ ಕವಣೆ ಹಿಡಿದರು. ಇದನ್ನು ಮುಚ್ಚಿಟ್ಟರೆ ಬರೆಯುವುದಕ್ಕೆ ಅರ್ಥವಿಲ್ಲ. ಆದರೆ ತೀರ್ಮಾನ ಅಷ್ಟು ದಿನ ಕಾಯಲಿಲ್ಲ. ಅದೇ ಮಧ್ಯಾಹ್ನ ಬದುವಿನ ಮೇಲೆ ಸಗಣಿಯ ಕುಳ್ಳು ಉರಿಸಿ ಎಳೆಯ ತೆನೆ ಸುಡುತ್ತಿದ್ದರು. ಮಕ್ಕಳು ಬಿಸಿ ಕಾಳನ್ನು ಅಂಗೈಯಲ್ಲಿ ಉಜ್ಜಿ ಊದಿ ತಿನ್ನುತ್ತಿದ್ದರು. ಅವಳ ತಂದೆ ನನ್ನ ಪಕ್ಕ ಕೂತಿದ್ದರು. ಯಂತ್ರದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತು ಮಗಳು ಹುಡುಗರ ಜೊತೆ ಜಗಳವಾಡುವುದನ್ನು ಕೇಳುತ್ತಾ ಇದ್ದು, ಅವಳನ್ನು ಹತ್ತಿರ ಕರೆದರು. ಜೂನ್‌ದಾಗ ಏನು ಮಾಡೋಣ ಎಂದು ನನ್ನನ್ನು ಕೇಳಲಿಲ್ಲ, ಅವಳನ್ನೇ ಕೇಳಿದರು.

ಅವಳು ಬಾಯಲ್ಲಿದ್ದ ಕಾಳನ್ನು ನುಂಗಿದಳು.

"ಹಾಸ್ಟೆಲ್ ಬ್ಯಾಡ, ಪಪ್ಪಾ. ಇಲ್ಲೇ ಇರ್ತೀನಿ. ಖರೆ, ಕಾಕಾರು ಇನ್ನ ಮ್ಯಾಲೆ ಫೂಟ್ ಅನ್ನಬೇಕು."

ಆಯ್ತು ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, ಕೇಳಿಸಿತೇನ್ರಿ ಸರ್, ಎಂದರು. ಕೇಳಿಸಿತು ಎಂದೆ. ಆದರೂ ಇನ್ನೊಂದು ಸಲ ಹೇಳು ಎಂದು ಅವಳನ್ನು ಕೇಳಿದೆ. ಅವಳು ಹೇಳಿದಳು, ಈ ಸಲ ಸ್ವಲ್ಪ ಜೋರಾಗಿ.